ಒಂದು ಸ್ಪ್ರಿಂಗಿಗಾಗಿ ನಾಲ್ಕು ತಾಲ್ಲೂಕು

ಫೋನಿನ ಡಿಸ್‌ಪ್ಲೇ ಒಡೆದರೆ ಇಂಡಿಯಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಹೊಸದು ಕೂರಿಸಿಕೊಡುತ್ತಾರೆ. ಬೋರಿನ ಮೋಟರ್ ಸುಟ್ಟರೆ ಮುದ್ದೇಬಿಹಾಳದಲ್ಲಿ ಹೊಸದಾಗಿ ತಂತಿ ಸುತ್ತಿ ಕೊಡುತ್ತಾರೆ. ಆದರೆ ರೀಲ್ ಹಾಕುವ ಹಳೆಯ ಕ್ಯಾಮೆರಾದ ಒಳಗೆ ಒಂದು ಸ್ಪ್ರಿಂಗ್ ಮುರಿದರೆ ಎಲ್ಲಿಗೆ ಹೋಗಬೇಕು? ಯಾವ ಅಂಗಡಿಯಲ್ಲಿ ಕೇಳಬೇಕು?

ಈ ಬೇಸಿಗೆಯಲ್ಲಿ ನಾವು ನಾಲ್ವರು ಇದೇ ಪ್ರಶ್ನೆ ಹಿಡಿದು ಓಡಾಡಿದೆವು. ನಾಲ್ವರದು ನಾಲ್ಕು ತಾಲ್ಲೂಕು: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಇದ್ದದ್ದು ಎರಡು ಬೈಕು. ಹುಡುಕಿದ್ದು ಜೋಳದ ಕಾಳಿನಷ್ಟು ಸಣ್ಣ ಸ್ಪ್ರಿಂಗ್.

ಕ್ಯಾಮೆರಾ ನಮ್ಮದಲ್ಲ. ಬಸವನ ಬಾಗೇವಾಡಿ ಕಡೆಯ ಒಂದು ಪುನರ್ವಸತಿ ಕೇಂದ್ರದಲ್ಲಿರುವ ಹಿರಿಯ ಫೋಟೊಗ್ರಾಫರ್ ಒಬ್ಬರದು. ನಾವೆಲ್ಲ ಅವರನ್ನು ಕಾಕಾ ಎಂದೇ ಕರೆಯುತ್ತೇವೆ. ಸುತ್ತಲಿನ ಹಳ್ಳಿಗಳ ಮದುವೆ, ಜಾತ್ರೆ, ಶಾಲೆಯ ಗ್ರೂಪ್ ಫೋಟೊ ಎಲ್ಲ ಒಂದು ಕಾಲಕ್ಕೆ ಇವರ ಕೈಯಲ್ಲೇ ಆಗುತ್ತಿದ್ದವು. ಅವರ ಕ್ಯಾಮೆರಾ ಪೆಂಟಾಕ್ಸ್ ಕೆ-1000. ಇದು 1976ರಿಂದ 1997ರವರೆಗೆ ತಯಾರಾಯಿತು. ಮೊದಲು ಜಪಾನಿನಲ್ಲಿ, ಆಮೇಲೆ ಹಾಂಗ್‌ಕಾಂಗ್ ಮತ್ತು ಚೀನಾದಲ್ಲಿ ಜೋಡಿಸಿದರು. ಜಗತ್ತಿನ ಎಷ್ಟೋ ಕಡೆ ಫೋಟೊಗ್ರಫಿ ಕಲಿಯುವ ಹುಡುಗರ ಮೊದಲ ಕ್ಯಾಮೆರಾ ಇದೇ ಆಗಿತ್ತು. ಇದರಲ್ಲಿ ಎಲ್ಲವೂ ಕೈಕೆಲಸ. ಲಿವರ್ ಎಳೆದರೆ ರೀಲ್ ಮುಂದಕ್ಕೆ ಹೋಗುತ್ತದೆ, ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಮೇಲೇಳುತ್ತದೆ, ಬಟ್ಟೆಯ ಶಟರ್ ಅಡ್ಡಲಾಗಿ ಓಡಿ ಮುಚ್ಚುತ್ತದೆ. ಗುಂಡಿ ಸೆಲ್ ಬೇಕಾಗುವುದು ಬೆಳಕು ಅಳೆಯುವ ಮುಳ್ಳಿಗೆ ಮಾತ್ರ. ಸೆಲ್ ಇಲ್ಲದಿದ್ದರೂ ಫೋಟೊ ತೆಗೆಯಬಹುದು.

ಕಾಕಾ ಅವರ ಕ್ಯಾಮೆರಾದಲ್ಲಿ ಕನ್ನಡಿ ಮೇಲೆದ್ದು ಅಲ್ಲೇ ನಿಂತುಬಿಟ್ಟಿತ್ತು. ಕಣ್ಣಿಟ್ಟು ನೋಡಿದರೆ ಬರೀ ಕತ್ತಲು.

ನಿಮ್ಮಲ್ಲಿ ಕೆಲವರು ಈಗಲೇ ಕೇಳುತ್ತೀರಿ, ಜೇಬಿನಲ್ಲಿ ಫೋನ್ ಇರುವಾಗ ಇದೆಲ್ಲ ಯಾಕೆ ಎಂದು. ನಾವೂ ಕಾಕಾ ಅವರನ್ನು ಕೇಳಿದೆವು. ಅವರು ಒಳಗೆ ಹೋಗಿ ಒಂದು ಬಿಸ್ಕೀಟಿನ ಡಬ್ಬಿ ತಂದರು. ಅದರ ತುಂಬ ನೆಗೆಟಿವ್. ಮುಳುಗುವ ಮೊದಲು ತಮ್ಮ ಹಳೆಯ ಊರಿನಲ್ಲಿ ಸುತ್ತಾಡಿ ತೆಗೆದವು: ಹನುಮಪ್ಪನ ಗುಡಿಯ ಕಟ್ಟೆ, ಅಗಸಿ, ಓಣಿ, ಮನೆ ಮುಂದೆ ನಿಂತ ಜನ.

"ಮೊಮ್ಮಗನ ಫೋನ್ ಕೆಟ್ಟು ಅವನ ಮದಿವಿ ಫೋಟೊನ ಹೋದ್ವು. ಇವು ನೋಡ್ರಿ, ಇನ್ನೂ ಅದಾವ," ಅಂದರು.

ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕೈಯಿಂದ. ಈಗ ಅಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಆ ಕೆಲಸ ಮುಗಿದರೆ ಇನ್ನಷ್ಟು ಊರು, ಇನ್ನಷ್ಟು ಹೊಲ ನೀರಿನಡಿ ಹೋಗುತ್ತವೆ. ನಮ್ಮ ಕಡೆ ಈ ಮಾತು ಬಾರದ ಮನೆ ಕಡಿಮೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಕಾಕಾ ಅವರ ಹಳೆಯ ಊರಿನ ಗುಡಿಕಟ್ಟೆ ಹೊರಗೆ ಕಾಣುತ್ತದೆ. ಹಿಂದೆ ನಿಂತ ಜಾಗದಲ್ಲೇ ನಿಂತು, ಅದೇ ಕ್ಯಾಮೆರಾ, ಅದೇ 50 ಮಿಲಿಮೀಟರ್ ಲೆನ್ಸಿನಲ್ಲಿ ಮತ್ತೊಮ್ಮೆ ತೆಗೆಯಬೇಕು ಎಂಬುದು ಅವರ ಆಸೆ. ಹಳೆಯ ನೆಗೆಟಿವ್ ಪಕ್ಕಕ್ಕೆ ಹೊಸದನ್ನು ಇಟ್ಟರೆ ಯಾವ ಕಲ್ಲು ಎಲ್ಲಿತ್ತು ಎಂದು ತೋರಿಸಬಹುದು. "ನಾ ಹ್ವಾದ ಮ್ಯಾಲ ಈ ಕಟ್ಟಿ ಯಾವುದು ಅಂತ ಹೇಳಾವ್ರು ಯಾರದಾರ?" ಅಂದರು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದರೆ ಕೃಷ್ಣೆಗೆ ನೀರು ಬರುತ್ತದೆ, ಕಟ್ಟೆ ಮತ್ತೆ ಮುಳುಗುತ್ತದೆ. ನಾವು ಅವರ ಮನೆಗೆ ಹೋದದ್ದು ಏಪ್ರಿಲ್ ಕೊನೆಗೆ. ಕೈಯಲ್ಲಿ ಇದ್ದದ್ದು ಹೆಚ್ಚೆಂದರೆ ಆರು ವಾರ.

ಮೊದಲು ಇಂಡಿಗೆ ಹೋದೆವು. ಅಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ನಮ್ಮ ಗೆಳೆಯ. ಅವನ ಹತ್ತಿರ ಸಣ್ಣ ಸ್ಕ್ರೂಡ್ರೈವರ್‌ಗಳು, ಚಿಮಟಿಗೆ, ಬೋರ್ಡ್ ತೊಳೆಯುವ ಸ್ಪಿರಿಟ್ ಎಲ್ಲ ಇದ್ದವು. ಇಲ್ಲಿ ಒಂದು ಮಾತು ನೆನಪಿಡಿ. ಜಪಾನಿನ ಹಳೆಯ ಕ್ಯಾಮೆರಾಗಳ ಸ್ಕ್ರೂ ತಲೆ ನೋಡಲು ನಮ್ಮ ಪ್ಲಸ್ ಸ್ಕ್ರೂ ಹಾಗೆಯೇ ಇದ್ದರೂ ಅದರ ಅಳತೆ ಸ್ವಲ್ಪ ಬೇರೆ. ಸರಿಯಾಗಿ ಕೂರದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ, ಆಮೇಲೆ ಯಾರಿಂದಲೂ ಬಿಚ್ಚಲು ಆಗುವುದಿಲ್ಲ. ಗೆಳೆಯ ನಾಲ್ಕೈದು ತುದಿ ಇಟ್ಟು ನೋಡಿ, ಅಲುಗಾಡದೆ ಕೂತದ್ದನ್ನೇ ಬಳಸಿದ. ಬಿಚ್ಚಿದ ಸ್ಕ್ರೂಗಳನ್ನು ಅವನ ಅವ್ವನ ಹಳೆಯ ಮಸಾಲಿ ಡಬ್ಬಿಯ ಬಟ್ಟಲುಗಳಲ್ಲಿ ಸಾಲಾಗಿ ಇಟ್ಟೆವು. ಪ್ರತಿ ಹೆಜ್ಜೆಗೂ ಫೋನಿನಲ್ಲಿ ಒಂದು ಫೋಟೊ.

ತಳದ ಮುಚ್ಚಳ ತೆಗೆದಾಗ ಅವನು ಕೈ ಹಿಂದಕ್ಕೆ ಎಳೆದುಕೊಂಡ. "ಇದು ನನ್ನ ಕೆಲಸ ಅಲ್ಲ. ಇದು ಗಡಿಯಾರದವರ ಕೆಲಸ," ಅಂದ.

ಗಡಿಯಾರದವರು ಸಿಕ್ಕಿದ್ದು ಸಿಂದಗಿಯಲ್ಲಿ. ವಯಸ್ಸು ಎಪ್ಪತ್ತರ ಹತ್ತಿರ, ಎಲ್ಲರಿಗೂ ಚಾಚಾ. ಕೀಲಿ ಕೊಡುವ ಗಡಿಯಾರ ಈಗ ಯಾರೂ ತರುವುದಿಲ್ಲ, ಸೆಲ್ ಬದಲಿಸುವುದು, ಬೆಲ್ಟ್ ಹಾಕುವುದು ಅಷ್ಟೇ ಅವರ ವ್ಯಾಪಾರ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅರ್ಧ ತಾಸು ಏನೂ ಮಾತಾಡಲಿಲ್ಲ. ಆಮೇಲೆ ಎರಡು ವಿಷಯ ಹೇಳಿದರು. ಒಂದು, ಹಳೆಯ ಎಣ್ಣೆ ಒಣಗಿ ಅಂಟಾಗಿದೆ, ಅದನ್ನು ತೊಳೆಯಬಹುದು. ಎರಡು, ಕನ್ನಡಿಯನ್ನು ಕೆಳಗೆ ಬಿಡುವ ಲಿವರ್‌ನ ಸ್ಪ್ರಿಂಗ್ ಮುರಿದಿದೆ.

"ಹೊಸಾದು ಸುತ್ತಾಕ ಆಗಂಗಿಲ್ಲೇನ್ರಿ ಚಾಚಾ?"

"ತಂತಿ ಸುತ್ತತೀನಿ. ಆದ್ರ ಇದರ ಬಿಗಿ ಎಷ್ಟಿತ್ತು ಅಂತ ಯಾರಿಗಿ ಗೊತ್ತು? ಬಿಗಿ ಹೆಚ್ಚಾದ್ರ ಬಾಜೂಕಿನ ಹಲ್ಲು ಮುರಿತಾವ. ಕಡಿಮಿ ಆದ್ರ ಕೆಲಸ ಮಾಡಂಗಿಲ್ಲ. ಇಂಥಾದ ಇನ್ನೊಂದು ತರ್ರಿ."

ಇಂಥದ್ದೇ ಇನ್ನೊಂದು. ಹಳೆಯ ಕ್ಯಾಮೆರಾ ರಿಪೇರಿಯ ಕಥೆಯೆಲ್ಲ ಈ ಮಾತಿನಲ್ಲಿದೆ. ತಯಾರಿಕೆ ನಿಂತು ಇಷ್ಟು ವರ್ಷವಾದ ಮೇಲೆ ಕಾರ್ಖಾನೆಯಿಂದ ಹೊಸ ಬಿಡಿಭಾಗ ಬರುವುದಿಲ್ಲ. ಬೆಂಗಳೂರಿರಲಿ, ಮುಂಬೈ ಇರಲಿ, ರಿಪೇರಿ ಮಾಡುವವರು ಕೆಟ್ಟ ಕ್ಯಾಮೆರಾಗಳನ್ನು ಕೂಡಿಟ್ಟುಕೊಂಡು ಒಂದರ ಭಾಗ ತೆಗೆದು ಇನ್ನೊಂದಕ್ಕೆ ಹಾಕುತ್ತಾರೆ. ಪೆಂಟಾಕ್ಸ್‌ನದೇ ಕೆಎಂ ಎಂಬ ಮಾದರಿ ಒಳಗಿನಿಂದ ಬಹುಪಾಲು ಕೆ-1000 ಇದ್ದ ಹಾಗೆಯೇ ಇದೆ. ಹಾಗಾಗಿ ಹುಡುಕುವವರು ಎರಡು ಹೆಸರೂ ತಿಳಿದಿರಬೇಕು.

ವಿಜಯಪುರದ ಹಳೆಯ ಸ್ಟುಡಿಯೋಗಳನ್ನು ಸುತ್ತಿದೆವು. ಡಿಜಿಟಲ್ ಬಂದಾಗ ಎಲ್ಲ ಮೋಡಕಾಕ್ಕೆ ಹಾಕಿದೆವು ಎಂದರು. ಒಬ್ಬರು ಕಿಲೋ ಲೆಕ್ಕದಲ್ಲಿ ಕೊಟ್ಟಿದ್ದರಂತೆ. ಸೊಲ್ಲಾಪುರದಲ್ಲಿ ಎರಡು ದಿನ ಹಳೆ ಸಾಮಾನಿನ ಅಂಗಡಿ ನೋಡಿದೆವು. ಯಾಶಿಕಾ ಎಂಎಫ್-2 ಕಂಡವು, ಅಗ್ಫಾ ಕ್ಲಿಕ್ ಡಬ್ಬಿ ಕ್ಯಾಮೆರಾ ಕಂಡವು, ನಮಗೆ ಬೇಕಾದದ್ದು ಇರಲಿಲ್ಲ. ಆನ್‌ಲೈನ್‌ನಲ್ಲಿ ಇತ್ತು. ಆದರೆ "ಪರೀಕ್ಷೆ ಮಾಡಿಲ್ಲ, ವಾಪಸ್ ಇಲ್ಲ" ಎಂದು ಬರೆದು, ನಮ್ಮ ನಾಲ್ವರ ಜೇಬು ಕೂಡಿಸಿದರೂ ಸಾಲದ ಬೆಲೆ ಹಾಕಿದ್ದರು.

ಮೇ ಎರಡನೇ ವಾರ ಮುದ್ದೇಬಿಹಾಳದ ಗೆಳತಿ ಫೋನ್ ಮಾಡಿದಳು. ಅವರ ಓಣಿಯ ಒಂದು ಮನೆಯ ಮಾಡದಲ್ಲಿ ಕೆ-1000 ಇದೆ, ಪ್ರತಿ ವರ್ಷ ಖಂಡೇ ಪೂಜೆಗೆ ಅದನ್ನು ಇಳಿಸಿ ಪೂಜೆ ಮಾಡುತ್ತಾರೆ ಎಂದಳು.

ಆ ಮನೆಯ ಯಜಮಾನರು ಫೋಟೊ ಸ್ಟುಡಿಯೋ ಇಟ್ಟುಕೊಂಡಿದ್ದವರು, ತೀರಿಕೊಂಡು ಕೆಲವು ವರ್ಷವಾಗಿದೆ. ಕ್ಯಾಮೆರಾ ಅದಕ್ಕೂ ಮೊದಲೇ ಒಂದು ಮದುವೆಯಲ್ಲಿ ಕೈಜಾರಿ ಬಿದ್ದು ಮೇಲಿನ ಗಾಜು ಒಡೆದಿತ್ತು, ಲೆನ್ಸ್ ಸೊಟ್ಟಾಗಿತ್ತು. ತಳಕ್ಕೆ ಪೆಟ್ಟು ಬಿದ್ದಿರಲಿಲ್ಲ. ನಮಗೆ ಬೇಕಾದ ಸ್ಪ್ರಿಂಗ್ ಇರುವುದು ತಳದಲ್ಲಿ.

ಮನೆಯ ಅವ್ವ ನಮ್ಮ ಮಾತನ್ನು ಪೂರ್ತಿ ಕೇಳಿದರು. ಚಹಾ ಕೊಟ್ಟರು. ಪುಣೆಯಲ್ಲಿರುವ ಮಗನಿಗೆ ಫೋನ್ ಹಚ್ಚಿದರು. ಅವನು, "ಕೆಟ್ಟದ್ದಲ್ಲಾ, ಮಾರಿಬಿಡವ್ವ," ಅಂದದ್ದು ನಮಗೂ ಕೇಳಿಸಿತು. ಅವರು ಫೋನ್ ಇಟ್ಟು ನಮ್ಮ ಕಡೆ ತಿರುಗಿ, "ಮಾರೂದಲ್ಲ ತಮ್ಮಾ ಅದು," ಎಂದಷ್ಟೇ ಹೇಳಿದರು. ನಾವು ಒತ್ತಾಯ ಮಾಡಲಿಲ್ಲ. ಬೈಕ್ ಹತ್ತುವಾಗ ನಮ್ಮ ನಮ್ಮಲ್ಲೇ ವಾದ ಶುರುವಾಯಿತು. ಹೇಗೂ ಕೆಲಸ ಮಾಡದ ಕ್ಯಾಮೆರಾ, ಬಿಚ್ಚಿದರೆ ಏನು ಹೋಗುತ್ತದೆ ಎಂದು ಇಬ್ಬರು. ಅದು ಅವರಿಗೆ ಇವತ್ತಿಗೂ ಕೆಲಸ ಮಾಡುತ್ತಿದೆಯಲ್ಲ ಎಂದು ಇನ್ನಿಬ್ಬರು. ಕಾಕಾ ಅವರಿಗೆ ಹೇಳಿದಾಗ, "ಬ್ಯಾಡ ಬಿಡ್ರಿ. ಒಬ್ಬರ ಮಾಡ ಖಾಲಿ ಮಾಡಿ ನನ್ನ ಫೋಟೊ ಆಗೂದು ಬ್ಯಾಡ," ಅಂದರು.

ಐದು ದಿನ ಬಿಟ್ಟು ಆ ಅವ್ವನೇ ಗೆಳತಿಯನ್ನು ಕರೆದು ಕೇಳಿದರಂತೆ: "ಬಿಚ್ಚಿದ ಮ್ಯಾಲ ಮೊದಲಿನಂಗ ಮುಚ್ಚಿ ಇಡಾಕ ಬರ್ತೈತೇನು?" ಬರುತ್ತದೆ ಎಂದಾಗ ಅವರು ಹಾಕಿದ ಷರತ್ತು ಒಂದೇ. ಕ್ಯಾಮೆರಾ ಮನೆ ಹೊಸ್ತಿಲು ದಾಟಬಾರದು. ಬಿಚ್ಚುವುದು, ತೆಗೆಯುವುದು, ಮುಚ್ಚುವುದು ಎಲ್ಲ ಅವರ ಕಣ್ಣೆದುರೇ ಆಗಬೇಕು.

ಹಾಗಾದರೆ ಚಾಚಾ ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಬರಬೇಕು. ಕೇಳಲು ನಮಗೆ ಸಂಕೋಚ. ಅವರು ಮಾತ್ರ ಅಂಗಡಿಗೆ ಬೀಗ ಹಾಕಿ, ಕೈಚೀಲದಲ್ಲಿ ಸಾಮಾನು ಹಾಕಿಕೊಂಡು ಬಸ್ ಹತ್ತಿದರು. ನಡುಮನೆಯಲ್ಲಿ ಬಿಳಿ ಬಟ್ಟೆ ಹಾಸಿ, ಬೆಳಕಿಗಾಗಿ ಬಾಗಿಲ ಹತ್ತಿರ ಕೂತರು. ಅವ್ವ ಎದುರಿಗೆ ಕೂತರು. ತಳದ ಮುಚ್ಚಳ ಬಂತು. ಒಂದೊಂದೇ ಭಾಗ ತೋರಿಸಿ ಚಾಚಾ ಹೇಳುತ್ತಾ ಹೋದರು, ಇದು ರೀಲ್ ಎಳೆಯೂದು, ಇದು ಶಟರ್ ಬಿಡೂದು. ಕೊನೆಗೆ ಚಿಮಟಿಗೆಯ ತುದಿಯಲ್ಲಿ ಸ್ಪ್ರಿಂಗ್ ಎತ್ತಿ ಹಿಡಿದರು.

"ಇಷ್ಟ ಏನು?" ಅಂದರು ಅವ್ವ.

"ಇಷ್ಟರಿ ಅಮ್ಮಾರ."

ಚಾಚಾ ಪ್ರತಿಯೊಂದು ಸ್ಕ್ರೂ ಮೊದಲಿದ್ದ ಜಾಗಕ್ಕೇ ಹಾಕಿ ಮುಚ್ಚಿದರು. ಸ್ಪಿರಿಟ್ ಹಚ್ಚಿ ಮೇಲಿನ ಜಿಡ್ಡು ಒರೆಸಿದರು. ಕ್ಯಾಮೆರಾ ಮಾಡಕ್ಕೆ ವಾಪಸ್ ಹೋಯಿತು. ಕೂಲಿ ಎಷ್ಟು ಎಂದು ಕೇಳಿದರೆ ಚಾಚಾ ಬಸ್ ಚಾರ್ಜ್ ಮಾತ್ರ ತಗೊಂಡರು. ಆ ದಿನ ಎಲ್ಲರಿಗೂ ಆ ಮನೆಯಲ್ಲೇ ರೊಟ್ಟಿ ಊಟ.

ಉಳಿದದ್ದು ಸಣ್ಣ ಕೆಲಸ, ಆದರೆ ಇದನ್ನು ನಿಮ್ಮ ಮನೆಯಲ್ಲೂ ಮಾಡಿಕೊಳ್ಳಬಹುದು. ಹಳೆಯ ಕ್ಯಾಮೆರಾಗಳ ಹಿಂಬಾಗಿಲ ಅಂಚಿನಲ್ಲಿ ಬೆಳಕು ಸೋರದಂತೆ ಕಪ್ಪು ಸ್ಪಂಜಿನ ಪಟ್ಟಿ ಇರುತ್ತದೆ. ವರ್ಷಗಳು ಕಳೆದಂತೆ ಅದು ಡಾಂಬರಿನ ಹಾಗೆ ಅಂಟಾಗುತ್ತದೆ. ಕಡ್ಡಿಗೆ ಅರಳೆ ಸುತ್ತಿ ಸ್ಪಿರಿಟ್‌ನಲ್ಲಿ ಅದ್ದಿ ಅದನ್ನು ತೆಗೆಯಬೇಕು. ಅದರ ಬದಲು ಟೇಲರ್ ಹತ್ತಿರ ಸಿಕ್ಕ ಕಪ್ಪು ಮಖಮಲ್ ಬಟ್ಟೆಯ ಚೂರು ಕತ್ತರಿಸಿ ಅಂಟಿಸಿದೆವು. ಗಾಡಿಯಂತಹ ಸಣ್ಣ ಸಂದಿಗೆ ಕಪ್ಪು ಉಣ್ಣೆ ದಾರ ಸಾಕು. ಬೆಳಕಿನ ಮುಳ್ಳಿಗೆ ಬೇಕಾದದ್ದು ಎಲ್‌ಆರ್-44 ಗುಂಡಿ ಸೆಲ್. ಆಟಿಕೆ, ಕ್ಯಾಲ್ಕುಲೇಟರ್‌ಗೆ ಹಾಕುವ ಅದೇ ಸೆಲ್, ಗಡಿಯಾರದ ಅಂಗಡಿಯಲ್ಲಿ ಸಿಗುತ್ತದೆ. ಇನ್ನೂ ಹಳೆಯ ಕೆಲವು ಕ್ಯಾಮೆರಾಗಳಿಗೆ 1.35 ವೋಲ್ಟಿನ ಪಾದರಸದ ಸೆಲ್ ಬೇಕಿತ್ತು, ಅದು ಈಗ ಬರುವುದಿಲ್ಲ. ಅಂಥವುಗಳಿಗೆ ಕಿವಿಯ ಯಂತ್ರಕ್ಕೆ ಹಾಕುವ 675 ನಂಬರಿನ ಸೆಲ್ಲನ್ನು ಸುತ್ತ ಒಂದು ಬಳೆ ಕೊಟ್ಟು ಕೂರಿಸುತ್ತಾರೆ.

ಶಟರ್ ಸರಿಯಾಗಿದೆಯೋ ಇಲ್ಲವೋ ಎಂದು ಫೋನಿನಲ್ಲೇ ನೋಡಿದೆವು. ಕ್ಯಾಮೆರಾದ ಹಿಂಬಾಗಿಲು ತೆರೆದು, ಬೆಳಕಿಗೆ ಹಿಡಿದು, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಹಚ್ಚಬೇಕು. ಸೆಕೆಂಡಿಗೆ 240 ಚಿತ್ರ ತೆಗೆಯುವ ಫೋನಾದರೆ, ಶಟರನ್ನು ಅರ್ಧ ಸೆಕೆಂಡಿಗೆ ಇಟ್ಟಾಗ ಸುಮಾರು 120 ಚಿತ್ರಗಳಲ್ಲಿ ಬೆಳಕು ಕಾಣಬೇಕು, 30ಕ್ಕೆ ಇಟ್ಟಾಗ ಸುಮಾರು 8ರಲ್ಲಿ. ನಮ್ಮದು ಲೆಕ್ಕಕ್ಕೆ ಹತ್ತಿರ ಬಂತು. ಬಟ್ಟೆಯ ಶಟರಿಗೆ ಮಾತ್ರ ಬೆರಳು ತಾಗಿಸಬೇಡಿ. ತುಕ್ಕು ಬಿಡಿಸುವ ಸ್ಪ್ರೇ ಒಳಗೆ ಹೊಡೆಯಲೇಬೇಡಿ, ಎಣ್ಣೆ ಎಲ್ಲ ಕಡೆ ಹರಿದು ಇದ್ದದ್ದೂ ಕೆಡುತ್ತದೆ. ಇನ್ನೊಂದು ಎಚ್ಚರಿಕೆ ಇದೆ. ಫ್ಲ್ಯಾಶ್ ಇರುವ ಕ್ಯಾಮೆರಾ, ಬಿಡಿ ಫ್ಲ್ಯಾಶ್ ಯಾವುದನ್ನೂ ಮನೆಯಲ್ಲಿ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರಬಹುದು. ಸೆಲ್ ತೆಗೆದ ಮೇಲೂ ಅದು ಜೋರಾಗಿ ಹೊಡೆಯುತ್ತದೆ.

ರೀಲ್ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬಂತು. ಒಂದು ಕಾಲಕ್ಕೆ ನಮ್ಮ ದೇಶದಲ್ಲೇ ರೀಲ್ ತಯಾರಾಗುತ್ತಿತ್ತು. 1960ರಲ್ಲಿ ಶುರುವಾದ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆ 'ಇಂದು' ಹೆಸರಿನಲ್ಲಿ ರೀಲ್ ಮಾರುತ್ತಿತ್ತು. ಕಾಕಾಗೆ ಆ ಹೆಸರು ಚೆನ್ನಾಗಿ ನೆನಪಿದೆ. ಅದೀಗ ಬಾಗಿಲು ಮುಚ್ಚಿದೆ.

ಜೂನ್ ಮೊದಲ ವಾರ ಕಾಕಾ ಜೊತೆ ಹಿನ್ನೀರಿನ ಕಡೆ ಹೋದೆವು. ಬಿರಿದ ಕೆಸರಿನ ಮೇಲೆ ಅರ್ಧ ಮೈಲಿ ನಡಿಗೆ. ಗುಡಿಕಟ್ಟೆಯ ಕಲ್ಲಿಗೆ ಹೂಳು ಮೆತ್ತಿತ್ತು. ಅವರು ಹಳೆಯ ಪ್ರಿಂಟ್ ಕೈಯಲ್ಲಿ ಹಿಡಿದು ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಎಡಕ್ಕೆ ಸರಿದು ನಿಂತರು. ಬೆಳಕಿನ ಮುಳ್ಳು ನೋಡಲೇ ಇಲ್ಲ. ನೂರು ಎಎಸ್‌ಎ ರೀಲು, ಬಟಾಬಯಲಿನ ಬಿಸಿಲು, ಅಪರ್ಚರ್ 16, ಶಟರ್ 125. ಮುಳ್ಳು ಹುಟ್ಟುವ ಮೊದಲೇ ಫೋಟೊಗ್ರಾಫರುಗಳು ಕಲಿತ ಲೆಕ್ಕ ಅದು. ಒಂದು ಫೋಟೊ ತೆಗೆದು ಲಿವರ್ ಎಳೆಯುವುದು, ಕನ್ನಡಿ ಕೆಳಗೆ ಬಂತೇ ಎಂದು ಕಣ್ಣಿಟ್ಟು ನೋಡುವುದು, ಮತ್ತೆ ಒಂದು. ಮೂವತ್ತು ಆದ ಮೇಲೆ ಕ್ಯಾಮೆರಾ ಚೀಲಕ್ಕೆ ಹಾಕಿದರು. ಇನ್ನೂ ಆರು ಉಳಿದಿವೆಯಲ್ಲ ಎಂದರೆ, "ಅವು ಇಲ್ಲಿವಲ್ಲ," ಅಂದರು.

ಆ ಆರನ್ನು ಅವರು ಮುದ್ದೇಬಿಹಾಳದ ಆ ಮನೆಯಲ್ಲಿ ತೆಗೆದರು. ಅವ್ವ ಮಾಡದಿಂದ ಕ್ಯಾಮೆರಾ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡು ಬಾಗಿಲ ಬೆಳಕಿಗೆ ಕೂತರು. ತೊಳೆದು ಬಂದ 36ರಲ್ಲಿ 33 ಚೆನ್ನಾಗಿವೆ. ಮೂರರ ಅಂಚಿನಲ್ಲಿ ಬೆಳಕು ಸೋರಿದ ಕೆಂಪು ಪಟ್ಟಿ ಇದೆ, ಆ ಕಡೆಗೆ ಇನ್ನೊಂದು ಎಳೆ ಉಣ್ಣೆ ದಾರ ಬೇಕು. ಅವ್ವನ ಫೋಟೊ ಕಟ್ಟು ಹಾಕಿಸಿ ಕೊಟ್ಟಿದ್ದೇವೆ. ಗುಡಿಕಟ್ಟೆಯ ಹೊಸ ನೆಗೆಟಿವ್‌ಗಳು ಬಿಸ್ಕೀಟಿನ ಡಬ್ಬಿ ಸೇರಿವೆ. ಪ್ರತಿ ನೆಗೆಟಿವ್ ಯಾವ ಜಾಗದ್ದು, ಯಾರ ಮನೆ ಮುಂದಿನದು ಎಂದು ಕಾಕಾ ಹೇಳುತ್ತಿದ್ದಾರೆ, ನಾವು ಬರೆದುಕೊಳ್ಳುತ್ತಿದ್ದೇವೆ.

ಬಿಡಿಭಾಗ ಎಂದರೆ ವಸ್ತು ಮಾತ್ರ ಎಂದುಕೊಂಡು ನಾವು ಹೊರಟಿದ್ದೆವು. ದಾರಿಯಲ್ಲಿ ಹೆಚ್ಚು ಬೇಕಾದದ್ದು ಚಾಚಾ ಅವರಂಥ ಕೈ, ಆ ಅವ್ವನಂಥ ಒಪ್ಪಿಗೆ. ದೊಡ್ಡ ಕಂಪನಿಗಳಿಗೂ ಇದು ತಪ್ಪಿಲ್ಲ. ಪೆಂಟಾಕ್ಸ್ ಹೆಸರು ಈಗ ರಿಕೋ ಕಂಪನಿಯದು. ಅದು 2024ರಲ್ಲಿ ಪೆಂಟಾಕ್ಸ್ 17 ಎಂಬ ಹೊಸ ರೀಲ್ ಕ್ಯಾಮೆರಾ ತಂದಿತು. ಕೈಯಿಂದ ರೀಲ್ ಎಳೆಯುವ ಲಿವರ್ ಮಾಡುವುದನ್ನು ಅಲ್ಲಿಯ ಹೊಸ ಎಂಜಿನಿಯರುಗಳು ಹಳೆಯ ತಲೆಮಾರಿನ ಎಂಜಿನಿಯರುಗಳನ್ನು ಕೇಳಿ ಕಲಿಯಬೇಕಾಯಿತು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿ, ಅದೇ ವರ್ಷ ಒಂದು ಪೋರ್ಟಲ್ ತೆರೆಯಿತು. ಕೃಷಿ ಯಂತ್ರ, ಮೊಬೈಲ್, ಮನೆಬಳಕೆಯ ಯಂತ್ರ, ವಾಹನಗಳ ಬಿಡಿಭಾಗ ಗ್ರಾಹಕರಿಗೆ ಸಿಗಬೇಕು ಎಂಬುದು ಅದರ ಉದ್ದೇಶ. ಟ್ರ್ಯಾಕ್ಟರ್ ಭಾಗಕ್ಕಾಗಿ ಹಂಗಾಮಿನಲ್ಲಿ ವಾರಗಟ್ಟಲೆ ಕಾದವರಿಗೆ ಅದರ ಬೆಲೆ ಗೊತ್ತು.

ನಿಮ್ಮ ಅಟ್ಟದ ಮೇಲೆ, ಟ್ರಂಕಿನಲ್ಲಿ ಹಳೆಯ ಕ್ಯಾಮೆರಾ ಇದ್ದರೆ ಮೋಡಕಾದವನಿಗೆ ಕೊಡುವ ಮೊದಲು ಒಮ್ಮೆ ನೋಡಿ. ಸೆಲ್ ಇದ್ದರೆ ತೆಗೆದಿಡಿ, ಸೋರಿ ತಾಮ್ರ ತಿನ್ನುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪುಡಿಕೆಯ ಜೊತೆ ಒಣ ಜಾಗದಲ್ಲಿ ಇಡಿ, ಲೆನ್ಸಿಗೆ ಬೂಸ್ಟು ಹಿಡಿಯುವುದಿಲ್ಲ. ಮಾದರಿಯ ಹೆಸರು ಒಂದು ಚೀಟಿಯಲ್ಲಿ ಬರೆದಿಡಿ. ಕೆಟ್ಟಿದ್ದರೂ ಪರವಾಗಿಲ್ಲ, ಅದರ ತಳ ಚೆನ್ನಾಗಿರಬಹುದು. ನಿಮ್ಮ ಊರಲ್ಲಿ ಕೀಲಿ ಗಡಿಯಾರ ಬಿಚ್ಚಬಲ್ಲ ಹಿರಿಯರು ಇದ್ದರೆ, ಅವರ ಪಕ್ಕ ಕೂತು ಕಲಿಯುವ ಹುಡುಗ ಹುಡುಗಿಯರು ಇದ್ದರೆ ನಮಗೆ ತಿಳಿಸಿ. ಚಾಚಾ ಅವರ ಹತ್ತಿರ ಈಗ ನಮ್ಮ ಇಂಡಿಯ ಗೆಳೆಯ ವಾರಕ್ಕೊಮ್ಮೆ ಹೋಗುತ್ತಿದ್ದಾನೆ. ಮಂಗಳವಾರ ಅವನ ಮೊಬೈಲ್ ಅಂಗಡಿಗೆ ರಜೆ.